ಹಕ್ಕಿಗೆ ಬಿಟ್ಟ ಮೂಲೆ

ತ್ರಾನ್ಸಿತೊಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಕತ್ತಾಳೆ ಬೇಲಿ. ಅದು ದನವನ್ನು ತಡೆಯುತ್ತದೆ, ಮಾತನ್ನು ತಡೆಯುವುದಿಲ್ಲ. ಅವಳ ಮಗ ಫೌಸ್ತೊನ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತವಳು ನಾನು. ಆದ್ದರಿಂದ ಆ ಮನೆಯ ಜಗಳ ಕೇಳುವ ಹಕ್ಕನ್ನು ಇಗರ್ಜಿಯೇ ನನಗೆ ಕೊಟ್ಟಿದೆ ಎಂದುಕೊಂಡಿದ್ದೇನೆ. ಗಂಡ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಜಗಳವಾಡಲು ಜನವೂ ಇಲ್ಲ.

ಜಗಳ ಶುರುವಾದದ್ದು ಒಲೆಯಿಂದ. ಫೌಸ್ತೊ ಇಬಾರಾ ಪಟ್ಟಣದಲ್ಲಿ ಗಾರೆ ಕೆಲಸದವನು. ಅವನ ಹೆಂಡತಿ ಎಲ್ವಿಯಾ ಕಣಿವೆಯ ಗುಲಾಬಿ ತೋಟದಲ್ಲಿ ಕೂಲಿಗೆ ಹೋಗುತ್ತಾಳೆ. ಬೆಳಗ್ಗೆ ಐದಕ್ಕೆ ತೋಟದ ಬಸ್ಸು, ಸಂಜೆ ಐದಕ್ಕೆ ವಾಪಸು. ಬಂದವಳು ಕೈಚೀಲ ಇಳಿಸಿ, ಗೋಡೆ ಪಕ್ಕದ ಗೂಡಿನ ಗಿನಿಹಂದಿಗಳಿಗೆ ಹುಲ್ಲು ಹಾಕಿ, ಅತ್ತೆಯ ಒಲೆಯ ಮುಂದೆ ಕೂರಬೇಕು. ಏಳು ವರ್ಷದಿಂದ ಹೀಗೇ. ಒಲೆ ಅತ್ತೆಯದು, ಮಡಕೆ ಅತ್ತೆಯದು, ಉಪ್ಪೂ ಅತ್ತೆಯದು. ಉಪ್ಪು ಹೆಚ್ಚಾದ ದಿನ ಮಾತ್ರ ಅದು ಸೊಸೆಯದಾಗುತ್ತಿತ್ತು.

ಸೆಪ್ಟೆಂಬರಿನ ಒಂದು ಸಂಜೆ ಎಲ್ಲರೂ ಸಾರು ಕುಡಿಯುತ್ತ ಕೂತಿದ್ದರು. ನಾನೂ ಒಂದು ಬಟ್ಟಲು ಹಿಡಿದು ಬಾಗಿಲ ಬಳಿ ಕೂತಿದ್ದೆ. ಎಲ್ವಿಯಾ ಮಾತು ತೆಗೆದಳು. ನಮ್ಮ ಕಡೆ ಅತ್ತೆಯನ್ನು ಮಮಾ ಅನ್ನುತ್ತೇವೆ, ಮಾವನನ್ನು ತೈತಾ, ಸೊಸೆಯನ್ನು ಕಚುನ್. ಸೊಸೆಗೊಂದು ಹೆಸರಿದೆ ಎಂಬುದು ತ್ರಾನ್ಸಿತೊಗೆ ಯಾವತ್ತೂ ನೆನಪಿಗೆ ಬಂದದ್ದಿಲ್ಲ.

"ಮಮಾ, ಹಿತ್ತಲ ಆ ಮೂಲೆ ನಮಗೆ ಬಿಟ್ಕೊಡಿ. ನಾಲ್ಕು ಹೆಜ್ಜೆ ಜಾಗ ಸಾಕು. ಫೌಸ್ತೊ ಇಟ್ಟಿಗೆ ತರ್ತಾನೆ. ನನ್ನದೂ ಅಂತ ಒಂದು ಒಲೆ ಹಾಕ್ಕೊಳ್ತೀನಿ."

"ಇರೋ ಒಲೆಗೆ ಏನಾಗಿದೆ?"

"ಒಲೆಗೇನೂ ಆಗಿಲ್ಲ. ನನಗಾಗಿದೆ."

"ಆ ಮೂಲೆ ಮಣ್ಣು ಬೆಣ್ಣೆ ಇದ್ದ ಹಾಗಿದೆ. ನಮ್ಮಮ್ಮನ ಜೋಳ ಅಲ್ಲಿ ಬಂದ ಹಾಗೆ ಎಲ್ಲೂ ಬರಲ್ಲ."

"ಬರುತ್ತೆ, ಬಂದಿದ್ದನ್ನ ಹಕ್ಕಿ ತಿನ್ನುತ್ತೆ. ಎರಡು ವರ್ಷದಿಂದ ನಿಮ್ಮಮ್ಮನ ಜೋಳ ಉಂಡಿರೋದು ಹಕ್ಕಿಗಳೇ. ಹಕ್ಕಿಗೆ ಕೊಡೋ ಜಾಗ ಸೊಸೆಗೆ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹಕ್ಕಿ ತಿಂದು ಹಾರಿ ಹೋಗುತ್ತೆ ಕಚುನ್. ತಿಂದ ಮನೇಲೇ ಕೂತು ಎದುರು ಮಾತಾಡಲ್ಲ."

ಮಾವ ಸೆಗುಂದೊ ಬಟ್ಟಲಿನಿಂದ ತಲೆ ಎತ್ತದೆ, "ಸಾರು ಆರ್ತಾ ಇದೆ," ಎಂದ. ಆ ಮನೆಯಲ್ಲಿ ಏನೇ ಹೊತ್ತಿಕೊಂಡರೂ ಅವನಿಗೆ ಆರುವ ಸಾರೇ ಕಾಣುತ್ತದೆ.

ಎಲ್ವಿಯಾ ಹೇಳಿದ್ದು ಸುಳ್ಳಲ್ಲ. ತ್ರಾನ್ಸಿತೊ ಮದುವೆಯಾಗಿ ಬಂದಾಗ ಅವಳ ತಾಯಿ ಶಾಲಿನ ಗಂಟಿನಲ್ಲಿ ಕಟ್ಟಿಕೊಟ್ಟ ಮುಸುಕಿನ ಜೋಳದ ಬೀಜ ಅದು. ನೋಡಲು ಎಲ್ಲರ ಜೋಳದಂತೆಯೇ. ಆದರೆ ಮೂರು ವಾರ ಮುಂಚೆ ಬಲಿಯುತ್ತದೆ, ಚಳಿಗೆ ಕರಗುವುದಿಲ್ಲ, ಹುರಿದರೆ ಬಾಯಲ್ಲಿ ಹಿಟ್ಟಾಗುತ್ತದೆ. ಊರಲ್ಲಿ ಮತ್ತಾರ ಹತ್ತಿರವೂ ಅದು ಉಳಿದಿಲ್ಲ. ಬಿತ್ತಿದ ವಾರದಲ್ಲೇ ಮಿರ್ಲೊಗಳು, ಕಿತ್ತಳೆ ಕೊಕ್ಕಿನ ಆ ಕರಿ ಹಕ್ಕಿಗಳು, ಸಾಲು ಹಿಡಿದು ನಡೆದು ಒಂದೊಂದೇ ಕಾಳು ಕೆದಕಿ ತೆಗೆಯುತ್ತವೆ. ಉಳಿದದ್ದು ಬೆಳೆದು ಹಾಲುಗಾಳಾದಾಗ ವಿರಚುರೊಗಳು ಬರುತ್ತವೆ. ಹಳದಿ ಮೈ, ದಪ್ಪ ಕೊಕ್ಕು. ತೆನೆಯ ಸಿಪ್ಪೆಯನ್ನು ಸೀಳಿ ತುದಿಯಿಂದ ತಿನ್ನುತ್ತ ಇಳಿಯುತ್ತವೆ.

ಸೆಗುಂದೊ ಡಬ್ಬ ಕಟ್ಟಿ ನೋಡಿದ್ದ. ಫೌಸ್ತೊನ ಹಳೆ ಕೋಟು ತೊಡಿಸಿ ಬೆರ್ಚಪ್ಪನನ್ನು ನಿಲ್ಲಿಸಿದ್ದ. ಕೋಟಿನ ಜೇಬಿನಲ್ಲಿ ಪಾರಿವಾಳ ಮೊಟ್ಟೆ ಇಟ್ಟಿತು. ಆದರೂ ಹಕ್ಕಿಗೆ ಕಲ್ಲು ಬೀಸುವುದನ್ನು ತ್ರಾನ್ಸಿತೊ ಒಪ್ಪುತ್ತಿರಲಿಲ್ಲ. ಓಡಿಸು, ಕೊಲ್ಲಬೇಡ, ಅವಳ ತಾಯಿ ಬೀಜದ ಜೊತೆ ಕೊಟ್ಟ ಮಾತು ಅದು. ಗುಣಿಗೆ ನಾಲ್ಕು ಕಾಳು ಹಾಕುತ್ತ ಹೇಳುವ ಮಾತೂ ತಾಯಿಯದೇ: ಒಂದು ಹಕ್ಕಿಗೆ, ಒಂದು ಹುಳಕ್ಕೆ, ಒಂದು ಕಳ್ಳರಿಗೆ, ಒಂದು ಮನೆಗೆ.

ಈ ಸಲ ಅವಳು ಹಳೆಯ ಉಪಾಯಕ್ಕೆ ಕೈಹಾಕಿದಳು. ಚೋಚೊ ಎಂಬ ಕಹಿ ಕಾಳನ್ನು ಬೇಯಿಸಿ, ಗೋಣಿಯಲ್ಲಿ ಕಟ್ಟಿ, ತೊರೆಯಲ್ಲಿ ನಾಲ್ಕೈದು ದಿನ ಮುಳುಗಿಸಿ ಕಹಿ ಬಿಡಿಸಿ ತಿನ್ನುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಬೇಯಿಸಿದ ಮೊದಲ ನೀರನ್ನು ಎಲ್ಲರೂ ಚೆಲ್ಲುತ್ತಾರೆ. ತ್ರಾನ್ಸಿತೊ ಅದನ್ನು ಉಳಿಸಿ, ಬಿತ್ತುವ ಜೋಳವನ್ನೆಲ್ಲ ಅದರಲ್ಲಿ ನೆನೆಹಾಕಿದಳು. ಕಹಿ ಹಿಡಿದ ಕಾಳನ್ನು ಮಿರ್ಲೊ ಒಂದು ಸಲ ಕುಕ್ಕಿ ಉಗುಳಿದರೆ ಮತ್ತೆ ಆ ಸಾಲಿಗೆ ಬರುವುದಿಲ್ಲ. ಹಕ್ಕಿಯ ಪ್ರಾಣಕ್ಕೆ ಏನೂ ಆಗುವುದಿಲ್ಲ, ನಾಲಿಗೆ ಮಾತ್ರ ಕೆಡುತ್ತದೆ. ಅದಕ್ಕೆಂದು ಸೂರಿನ ಗಳದಲ್ಲಿ ತೂಗಿಸಿದ್ದ ಬೀಜದ ತೆನೆಗಳನ್ನೆಲ್ಲ ಇಳಿಸಿದ್ದಳು. ಒಲೆಯ ಮೇಲಿನ ಸೂರಿನಲ್ಲಿ ಒಂದು ಜೋಡಿ ಮಾತ್ರ ಬಿಟ್ಟಿದ್ದಳು, ಮನೆ ಬರಿದಾಗಿ ಕಾಣಬಾರದೆಂದು.

ಆ ವಾರದ ಶನಿವಾರ ಊರಿನ ನೀರಕಾಲುವೆ ಬಾಚುವ ಕೂಡುಕೆಲಸ. ಮೂವತ್ತು ಜನ. ಮಧ್ಯಾಹ್ನದ ಊಟ ಈ ಮನೆಯ ಸರದಿ. ಮನೆಗೊಬ್ಬರಾದರೂ ಹಾರೆ ಹಿಡಿಯಲೇಬೇಕು, ಹಿಡಿಯದಿದ್ದರೆ ನೀರಿಲ್ಲ. ತ್ರಾನ್ಸಿತೊ ಹಾರೆ ಹೊತ್ತು ಹೊರಟಳು. ಎಲ್ವಿಯಾ ಕೂಲಿ ಬಿಟ್ಟು ಮನೆಯಲ್ಲಿ ಉಳಿದಳು.

"ಒಗೆಯೋ ಕಲ್ಲಿನ ಕೆಳಗಿರೋ ಬಕೆಟ್ಟಿನ ಜೋಳ ಊಟಕ್ಕೆ. ಬೂದಿ ಹಾಕಿ ಬೇಯಿಸು, ಸಿಪ್ಪೆ ಬಿಡೋ ತನಕ ಉಜ್ಜು. ಬಾಗಿಲ ಹಿಂದಿನ ಬಕೆಟ್ಟು ಬೀಜದ್ದು, ಅದನ್ನ ಮುಟ್ಟಬೇಡ."

"ಕಿವಿ ಕೇಳ್ಸುತ್ತೆ ಮಮಾ."

"ಕಿವಿ ಕೇಳ್ಸುತ್ತೆ, ತಲೆಗೆ ಹೋಗಲ್ಲ."

ಎರಡೂ ಫೌಸ್ತೊ ಕೆಲಸದ ಜಾಗದಿಂದ ತಂದ ಬಿಳಿ ಬಣ್ಣದ ಡಬ್ಬಗಳೇ. ಅಷ್ಟಾದರೆ ಚಿಂತೆ ಇರಲಿಲ್ಲ. ಆದರೆ ಅದಕ್ಕೂ ಅರ್ಧ ಗಂಟೆ ಮುಂಚೆ ಬಾಗಿಲ ಹಿಂದಿನ ಬಕೆಟ್ಟಿಗೆ ಕೋಳಿ ಬಾಯಿ ಹಾಕುವುದನ್ನು ಸೆಗುಂದೊ ನೋಡಿದ್ದ. ಬೀಜ ಭದ್ರವಾಗಿರಲಿ ಎಂದು ಅದನ್ನು ಒಯ್ದು ಕಲ್ಲಿನ ಕೆಳಗೆ ಸೇರಿಸಿ, ಅಲ್ಲಿದ್ದದ್ದನ್ನು ತಂದು ಬಾಗಿಲ ಹಿಂದಿಟ್ಟ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂಬ ನೆಮ್ಮದಿಯಲ್ಲಿ ಟೋಪಿ ಹಾಕಿಕೊಂಡು ಕಾಲುವೆಗೆ ನಡೆದ.

ಮಧ್ಯಾಹ್ನ ಅಂಗಳದಲ್ಲಿ ಉದ್ದನೆಯ ಬಟ್ಟೆ ಹಾಸಿ ಅದರ ಮೇಲೆ ಬೆಂದ ಜೋಳ ಸುರಿದರು. ಆಲೂಗಡ್ಡೆ, ಹುರುಳಿಕಾಯಿ, ಮೆಣಸಿನ ಚಟ್ನಿ. ಸುತ್ತ ಕೂತು ಎಲ್ಲರೂ ಕೈಹಾಕಿದೆವು. ನಾನು ಒಂದು ಹಿಡಿ ಬಾಯಿಗೆ ಹಾಕಿ ಎರಡು ಸಲ ಅಗಿದೆ. ನಾಲಿಗೆ ಒಳಗೇ ಮಡಚಿಕೊಂಡಿತು. ನೀರಿನ ಸಮಿತಿಯ ಮುಖ್ಯಸ್ಥ ನನಗಿಂತ ಮೊದಲೇ ಉಗಿದ. ಮುದುಕಿಯೊಬ್ಬಳು ಬೇಲಿಗೆ ಹೋಗಿ ವಾಂತಿ ಮಾಡಿದಳು. ತ್ರಾನ್ಸಿತೊ ಒಂದೇ ಕಾಳು ತೆಗೆದು ನಾಲಿಗೆಗೆ ತಾಗಿಸಿ ನೋಡಿ, ಬಾಗಿಲ ಹಿಂದೆ ಓಡಿ, ಆ ಬಕೆಟ್ಟಿಗೆ ಬೆರಳದ್ದಿ ಚೀಪಿ, ಕಹಿಯಿಲ್ಲದ್ದು ಕಂಡು ವಾಪಸು ಬಂದಳು.

"ನನ್ನ ಬೀಜ."

"ನೀವೇ ಹೇಳಿದ್ದು ಕಲ್ಲಿನ ಕೆಳಗಿನದು ಅಂತ," ಎಂದಳು ಎಲ್ವಿಯಾ.

"ಬಾಗಿಲ ಹಿಂದಿನದು ಮುಟ್ಟಬೇಡ ಅಂದೆ."

"ಮುಟ್ಟಿಲ್ಲ."

"ಮತ್ತೆ ಬೀಜ ಕಾಲು ಬಂದು ನಡ್ಕೊಂಡು ಹೋಗಿ ಮಡಕೆಗೆ ಬಿತ್ತಾ?" ತ್ರಾನ್ಸಿತೊ ನಮ್ಮೆಲ್ಲರ ಕಡೆ ತಿರುಗಿದಳು. "ಎಲ್ಲಾರೂ ನೋಡಿ. ಮೂಲೆ ಕೊಡಲಿಲ್ಲ ಅಂತ ನನ್ನ ಅಮ್ಮನ ಬೀಜ ಬೇಯಿಸಿದಳು. ಒಂದು ಹಕ್ಕಿಗೆ, ಒಂದು ಹುಳಕ್ಕೆ, ಒಂದು ಕಳ್ಳರಿಗೆ, ಒಂದು ಮನೆಗೆ ಅಂತ ಬಿತ್ತೋ ಮನೆ ಇದು. ಈ ವರ್ಷ ನಾಲ್ಕು ಪಾಲನ್ನೂ ಒಬ್ಬ ಕಳ್ಳಿಯೇ ತಿಂದಳು."

ಮೂವತ್ತು ಜನ ಹಸಿದು ಕೂತಿದ್ದರು. ಸೆಗುಂದೊ ಟೋಪಿ ತೆಗೆದು ಅದರೊಳಗೆ ಏನೋ ಬಿದ್ದಿರುವಂತೆ ನೋಡುತ್ತ ನಿಂತ. ಆಗಲೇ ಅವನಿಗೆ ಎಲ್ಲ ಗೊತ್ತಾಗಿತ್ತು. ಬಾಯಿ ಬಿಟ್ಟರೆ ಹೆಂಡತಿಯ ಬೆಂಕಿ ಸೊಸೆಯನ್ನು ಬಿಟ್ಟು ತನ್ನ ಮೇಲೆ ಬೀಳುತ್ತದೆ ಎಂಬುದೂ ಗೊತ್ತಿತ್ತು. ಇಂಥ ಗಂಡಸರನ್ನು ನಾನು ಬಹಳ ಕಂಡಿದ್ದೇನೆ, ನನ್ನ ಮನೆಯಲ್ಲೂ ಒಬ್ಬನಿದ್ದ.

ಸಂಜೆ ಎಲ್ವಿಯಾ ಅತ್ತೆಯ ಎದುರು ಬಂದು ನಿಂತಳು.

"ಬೀಜ ನಾನು ತಿಂದೆ ಅಂತ ಊರಿಗೆಲ್ಲ ಹೇಳಿದ್ರಿ. ಸರಿ. ಒಲೆ ಮೇಲೆ ಒಂದು ಜೋಡಿ ತೆನೆ ಇದೆ, ಅದನ್ನ ಬಿತ್ತಿ. ಹಕ್ಕಿಯಿಂದ ನಾನು ಕಾಯ್ತೀನಿ. ಹಿತ್ತಲಿನ ಏಳು ಸಾಲಿಗೆ ಏಳೂ ಸಾಲು, ಒಂದು ತೆನೇನೂ ಹಕ್ಕಿ ಬಾಯಿಗೆ ಹೋಗದ ಹಾಗೆ ನಿಮ್ಮ ಕೈಗಿಡ್ತೀನಿ. ಇಟ್ಟ ದಿನ ನಾನು, ಫೌಸ್ತೊ, ಮಗಳು ಸಾಮಿಯಾ ಕಣಿವೆಗೆ ಹೋಗ್ತೀವಿ. ತೋಟದ ಹತ್ತಿರ ಬಾಡಿಗೆ ಕೋಣೆ ನೋಡಿದೀನಿ."

"ಈಗಲೇ ಹೋಗು. ಬಾಗಿಲು ತೆರೆದೇ ಇದೆ."

"ಈಗ ಹೋದ್ರೆ ಕಳ್ಳಿ ಓಡಿಹೋದಳು ಅಂತಾರೆ."

ಫೌಸ್ತೊ ಇಬ್ಬರ ಮುಖವನ್ನೂ ನೋಡಿ, "ಕಣಿವೆಗೆ ಹೋಗೋಣವಾ ಅಂತ ನನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದ.

"ಇಲ್ಲ," ಎಂದರು ಇಬ್ಬರೂ. ಏಳು ವರ್ಷದಲ್ಲಿ ಅತ್ತೆ ಸೊಸೆ ಒಟ್ಟಿಗೆ ಆಡಿದ ಮೊದಲ ಮಾತು ಅದು.

ಎರಡು ತೆನೆ ಉದುರಿಸಿದರೆ ಎಷ್ಟು ಕಾಳು ಬರುತ್ತದೆ? ತ್ರಾನ್ಸಿತೊ ಮತ್ತೆ ಚೋಚೊ ಬೇಯಿಸಿ, ಮತ್ತೆ ಕಹಿನೀರು ಮಾಡಿ, ನೆನೆಹಾಕಿದ ಬಕೆಟ್ಟನ್ನು ತನ್ನ ಮಂಚದ ಕೆಳಗೆ ಇಟ್ಟುಕೊಂಡಳು. ಬಿತ್ತುವಾಗ ಗುಣಿಗೆ ಒಂದೇ ಕಾಳು. ನಾಲ್ಕು ಪಾಲಿನ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು.

"ಹಕ್ಕಿಗೆ ಪಾಲಿಡದೆ ಬಿತ್ತೋದು ಇದೇ ಮೊದಲು," ಎಂದಳು ನನಗೆ ಬೇಲಿಯಾಚೆಯಿಂದ. "ನಮ್ಮಮ್ಮ ಕಂಡಿದ್ರೆ ಕೈ ಮುರೀತಿದ್ದಳು."

ನಾಲ್ಕನೆಯ ದಿನ ಮಿರ್ಲೊಗಳು ಬಂದವು. ಮೊದಲ ಸಾಲಿನಲ್ಲಿ ಮೂರು ಗುಣಿ ಕೆದಕಿ, ಕಾಳು ಕುಕ್ಕಿ, ಗುಣಿಯ ಪಕ್ಕದಲ್ಲೇ ಉಗುಳಿ, ನಮ್ಮ ಹಿತ್ತಲಿಗೆ ಹಾರಿದವು. ನನ್ನ ಬಟಾಣಿ ಆ ವರ್ಷ ಅವರ ಜೋಳದ ಬದಲು ಹೋಯಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಇಲ್ಲಿ ಬಿಟ್ಟರೆ.

ಆ ಭಾನುವಾರ ಫೌಸ್ತೊ ಪೇಟೆಯಿಂದ ಒಂದು ಪೊಟ್ಟಣ ತಂದ. ಊಟದ ನಡುವೆ ಅದನ್ನು ಚಾಪೆಯ ಮೇಲಿಟ್ಟು, "ಅಂಗಡಿಯವನು ಕೊಟ್ಟ. ಒಂದು ಹಿಡಿ ನುಚ್ಚಿಗೆ ಬೆರೆಸಿ ಬೇಲಿ ಉದ್ದಕ್ಕೂ ಚೆಲ್ಲಿದ್ರೆ ಸಾಕಂತೆ. ಎರಡೇ ದಿನದಲ್ಲಿ ಒಂದು ಹಕ್ಕಿಯೂ ಉಳಿಯಲ್ಲ. ನಿಮ್ಮಿಬ್ಬರ ಕಿತ್ತಾಟವೂ ಉಳಿಯಲ್ಲ," ಎಂದ.

ಎಲ್ವಿಯಾ ಪೊಟ್ಟಣವನ್ನು ಮೂಗಿನ ಹತ್ತಿರವೂ ತರಲಿಲ್ಲ. ಅವಳ ಎರಡೂ ಮುಂಗೈ ತೋಟದ ಔಷಧಿಗೆ ಸುಲಿದು ಕೆಂಪಾಗಿದ್ದವು.

"ಈ ವಾಸನೆ ನನಗೆ ದಿನಾ ಸಿಗುತ್ತೆ. ತಗೊಂಡು ಹೋಗು."

"ಹಕ್ಕಿ ಸಾಯೋಕೆ ತಂದಿದ್ದು ಕಣೆ, ನೀನು ತಿನ್ನೋಕಲ್ಲ."

"ಹಕ್ಕಿ ತಿನ್ನುತ್ತೆ, ಅಂಗಳದಲ್ಲಿ ಬಿದ್ದು ಸಾಯುತ್ತೆ, ಅದನ್ನ ನಾಯಿ ತಿನ್ನುತ್ತೆ. ನುಚ್ಚನ್ನ ಕೋಳಿ ತಿನ್ನುತ್ತೆ. ಕೋಳೀನ ನಿನ್ನ ಮಗಳು ತಿಂತಾಳೆ. ಲೆಕ್ಕ ಹಾಕೋಕೆ ಬರುತ್ತಾ ಇಲ್ವಾ?"

"ಅಮ್ಮಾ, ನೀನಾದ್ರೂ ಹೇಳು."

ತ್ರಾನ್ಸಿತೊ ತನ್ನ ಬಟ್ಟಲನ್ನು ದೂರ ಸರಿಸಿದಳು. "ನನ್ನ ಹೊಲದಲ್ಲಿ ಒಂದು ಹಕ್ಕಿ ಸತ್ತು ಬಿದ್ರೆ ಈ ಒಲೆ ಮೇಲೆ ಮಡಕೆ ಏರಲ್ಲ. ಎದ್ದು ಅಂಗಡಿಗೆ ಕೊಟ್ಟು ಬಾ. ಕೈ ತೊಳೀದೆ ಮಗೂನ ಮುಟ್ಟಬೇಡ."

ಫೌಸ್ತೊ ಅರ್ಧ ಊಟಕ್ಕೆ ಎದ್ದು ಹೋದ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತ ಕೂತರು. ಆರು ವರ್ಷದ ಸಾಮಿಯಾ ಅಪ್ಪನ ಪಾಲಿನ ಆಲೂಗಡ್ಡೆಯನ್ನೂ ತಿಂದಳು.

ಸಸಿ ಎದ್ದವು. ಏಳು ಸಾಲು, ಅಲ್ಲೊಂದು ಇಲ್ಲೊಂದು ಗುಣಿ ಖಾಲಿ. ಸೆಗುಂದೊ ಹಳೆ ಕ್ಯಾಸೆಟ್ಟುಗಳ ಟೇಪು ಎಳೆದು ಗೂಟದಿಂದ ಗೂಟಕ್ಕೆ ಕಟ್ಟಿದ. ಗಾಳಿ ಬಂದಾಗ ಅದು ಗುಂಯ್ಯೆಂದು ಕೂಗುತ್ತಿತ್ತು. ಪಾರಿವಾಳಗಳು ಎರಡು ವಾರ ಹತ್ತಿರ ಸುಳಿಯಲಿಲ್ಲ. ನನಗೆ ಎರಡು ವಾರ ತಲೆನೋವು. ಬೆರ್ಚಪ್ಪನನ್ನು ಮೂರು ದಿನಕ್ಕೊಮ್ಮೆ ಬೇರೆ ಕಡೆ ನೆಡಬೇಕೆಂದು ಎಲ್ವಿಯಾ ಮಾವನಿಗೆ ಕೆಲಸ ಹಚ್ಚಿದಳು.

"ಯಾಕಮ್ಮ, ಒಂದೇ ಕಡೆ ನಿಂತ್ರೆ ಏನು?"

"ಒಂದೇ ಕಡೆ ಸುಮ್ಮನೆ ನಿಂತೋನಿಗೆ ಹಕ್ಕಿಯೂ ಹೆದರಲ್ಲ ತೈತಾ."

ಅವಳು ಅದನ್ನು ಬೆರ್ಚಪ್ಪನ ಬಗ್ಗೆಯೇ ಅಂದದ್ದು. ಆದರೆ ಮುದುಕನ ಮುಖ ಸಪ್ಪಗಾಯಿತು.

ಜನವರಿ ಫೆಬ್ರವರಿ ಗುಲಾಬಿ ತೋಟದಲ್ಲಿ ಉಸಿರಾಡಲೂ ಬಿಡುವುದಿಲ್ಲ. ಲೋಕದ ಪ್ರೇಮಿಗಳಿಗೆಲ್ಲ ಒಂದೇ ದಿನ ಹೂ ಬೇಕು. ಎಲ್ವಿಯಾ ದಿನವೂ ಕತ್ತಲಾದ ಮೇಲೆ ಬರುತ್ತಿದ್ದಳು. ಸೊಸೆ ಬರುವ ತನಕ ಹಕ್ಕಿ ಓಡಿಸುವುದು ಅತ್ತೆಗೂ ಮೊಮ್ಮಗಳಿಗೂ ಬಿತ್ತು. ಒಬ್ಬಳು ತಟ್ಟೆ ಬಡಿಯುವುದು, ಇನ್ನೊಬ್ಬಳು ಕೂಗುವುದು.

"ಅಜ್ಜಿ, ಕಣಿವೇಲಿ ಹಕ್ಕಿ ಇದೆಯಾ?"

"ನನಗೇನು ಗೊತ್ತು."

"ಅಮ್ಮ ಹೇಳಿದ್ಲು, ಅಲ್ಲಿ ಮನೆ ಮೇಲೆ ಮನೆ ಇರುತ್ತಂತೆ. ಹಿತ್ತಲು ಇರಲ್ಲಂತೆ. ಜೋಳ ದೊಡ್ಡದಾದ ತಕ್ಷಣ ನಾವು ಹೋಗೋದು."

"ಕೂಗು. ಅಲ್ಲೊಂದು ಕೂತಿದೆ."

"ಜೋಳ ಯಾವಾಗ ದೊಡ್ಡದಾಗುತ್ತೆ ಅಜ್ಜಿ?"

 ತ್ರಾನ್ಸಿತೊ ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

ಫೆಬ್ರವರಿ ಕೊನೆಗೆ ತೆನೆಯ ಜುಟ್ಟು ಕಂದಾಯಿತು. ಮೊದಲ ವಿರಚುರೊ ಬೇಲಿಯ ಮೇಲೆ ಬಂದು ಕೂತ ಮರುದಿನವೇ ಎಲ್ವಿಯಾ ಒಂದು ಗೋಣಿಚೀಲ ಹೊತ್ತು ತಂದಳು. ಗುಲಾಬಿ ಮೊಗ್ಗು ಮುದುಡಿಯೇ ಇರಲೆಂದು ಗಿಡದಲ್ಲೇ ಒಂದೊಂದಕ್ಕೂ ಹಾಕುವ ಸಣ್ಣ ಬಲೆಯ ಚೀಲಗಳು. ಒಂದು ಕಡೆ ಹರಿದರೆ ತೋಟದವರು ಎಸೆಯುತ್ತಾರೆ. ಅವಳು ಮೇಸ್ತ್ರಿಯನ್ನು ಕೇಳಿ ಆರಿಸಿ ತಂದು, ಔಷಧಿ ಹೋಗುವಂತೆ ಐದು ನೀರಿನಲ್ಲಿ ತೊಳೆದು, ಹರಿದ ಕಡೆ ಗಂಟು ಹಾಕಿ, ಭಾನುವಾರ ಇಡೀ ದಿನ ನಿಂತು ಒಂದೊಂದು ತೆನೆಗೂ ತೊಡಿಸಿದಳು.

"ಜೋಳಕ್ಕೆ ಟೋಪಿ ಹಾಕೋದು ಇದೇ ಮೊದಲು ನೋಡ್ತಿದೀನಿ," ಎಂದಳು ತ್ರಾನ್ಸಿತೊ ಬಾಗಿಲಲ್ಲಿ ನಿಂತು.

"ಈ ಮನೆಗೆ ಬಂದ ಮೇಲೆ ನನಗೆ ಹಾಕಿದ್ದು ನೋಡಿ ಕಲಿತೆ."

ವಿರಚುರೊಗಳು ಬಂದವು. ತೆನೆಯ ಮೇಲೆ ಕೂತು ಕುಕ್ಕಿದವು, ಬಲೆ ಬಗ್ಗಿತು, ಕೊಕ್ಕಿಗೆ ಏನೂ ಸಿಗಲಿಲ್ಲ. ಮೊಗ್ಗಿನ ಬಲೆ ನುಣುಪಾದ್ದರಿಂದ ಉಗುರೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಒಂದು ವಾರ ಪ್ರಯತ್ನಪಟ್ಟು ಸಿಟ್ಟಾಗಿ ನನ್ನ ಹಿತ್ತಲಿಗೆ ಬಂದವು. ಈ ಸಲ ನಾನೂ ಬೇಲಿಯ ಮೇಲಿಂದ ಕೈಚಾಚಿ ಉಳಿದ ಚೀಲ ಕೇಳಿ ಪಡೆದೆ. ಏಳು ಸಾಲೂ ತಲೆಗೆ ಬಲೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಎಲ್ವಿಯಾ ಸಂಜೆ ಬಂದವಳೇ ತೆನೆ ಮುಟ್ಟಿ ನೋಡಿ, ಬಲಿತಿದೆಯೇ ಎಂದು ಉಗುರಿನಿಂದ ಒತ್ತುತ್ತಿದ್ದಳು. ಮನೆಯೊಳಗೆ ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ತುಂಬಿದ್ದಾಗಿತ್ತು.

ಮಾರ್ಚ್ ಮೊದಲ ವಾರ ಸೆಗುಂದೊ ಬಾಯಿ ಬಿಟ್ಟ. ನಾನು ಅಲ್ಲೇ ಚೋಚೊ ಸಿಪ್ಪೆ ಸುಲಿಯುತ್ತ ಕೂತಿದ್ದೆ.

"ಬಕೆಟ್ಟು ಬದಲಾಯಿಸಿದ್ದು ನಾನು," ಎಂದ.

"ಯಾವ ಬಕೆಟ್ಟು?" ಎಂದಳು ತ್ರಾನ್ಸಿತೊ.

"ಕಾಲುವೆ ದಿನದ್ದು. ಕೋಳಿ ಬೀಜ ತಿಂತಿತ್ತು. ಕಲ್ಲಿನ ಕೆಳಗೆ ಇಟ್ಟೆ. ಆ ಹುಡುಗಿ ನೀನು ಹೇಳಿದ್ದನ್ನೇ ಮಾಡಿದ್ದು."

ತ್ರಾನ್ಸಿತೊ ಗಂಡನ ಕಡೆ ತಿರುಗಿದಳು. "ಐದು ತಿಂಗಳು. ಐದು ತಿಂಗಳು ಬಾಯಲ್ಲಿ ಏನು ಕಡುಬು ತುರುಕ್ಕೊಂಡಿದ್ದೆ?"

"ನೀನು ಬೈತೀಯ ಅಂತ."

"ಈಗ ಯಾಕೆ ಹೇಳ್ದೆ?"

"ಪೆಟ್ಟಿಗೆ ಕಟ್ಟಿಟ್ಟಿದಾರಲ್ಲ. ಮಗು ಹೋಗುತ್ತೆ."

ಅವಳು ಅವನ ಮುಂದಿನ ಬಟ್ಟಲು ತೆಗೆದು ಕೋಳಿಗೆ ಸುರಿದಳು. ಎರಡು ದಿನ ಅವನು ನನ್ನ ಮನೆಯಲ್ಲಿ ಉಂಡ. ಮೂರನೆಯ ದಿನ ನಾನು ಅವಳಿಗೆ ಹೇಳಿದೆ, "ಗೊತ್ತಾಯ್ತಲ್ಲ, ಸೊಸೆಗೆ ಒಂದು ಮಾತು ಹೇಳ್ಬಿಡು."

"ಏನಂತ?"

"ತಪ್ಪಾಯ್ತು ಅಂತ. ಬಾಯೇನು ಸವೆಯಲ್ಲ."

"ಮೂವತ್ತು ಜನದ ಮುಂದೆ ಉಗುಳಿದ್ದನ್ನ ಒಲೆ ಮೂಲೇಲಿ ಕೂತು ನುಂಗೋಕಾಗುತ್ತಾ?"

"ಹಾಗಾದ್ರೆ ಮೂವತ್ತು ಜನರನ್ನೂ ಕರೆದು ಹೇಳು."

"ನನ್ನ ಹೆಣ ಹೇಳಲಿ," ಎಂದು ಎದ್ದು ಹೋದಳು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ನೋಡಿದ್ದೇನೆ, ಅವಳ ಕತ್ತು ಬಗ್ಗುವುದು ಬಿತ್ತುವಾಗ ಮಾತ್ರ.

ಅದಾಗಿ ಹತ್ತು ದಿನವಾಗಿರಬೇಕು. ಕಿತೊ ವಿಮಾನ ನಿಲ್ದಾಣದ ರಸ್ತೆಯನ್ನು ಯಾರೋ ಮುಷ್ಕರದವರು ತಡೆದಿದ್ದರು. ಹೂವಿನ ಲಾರಿ ಹೊರಡಲಿಲ್ಲವೆಂದು ತೋಟದವರು ಮಧ್ಯಾಹ್ನವೇ ಕೆಲಸ ನಿಲ್ಲಿಸಿದರು. ನಾನು ಬಟ್ಟೆ ಹರವುತ್ತಿದ್ದೆ. ಬೇಲಿಯಾಚೆ ಏಳನೆಯ ಸಾಲಿನಲ್ಲಿ, ಎಲ್ವಿಯಾ ಕೇಳಿದ ಅದೇ ಮೂಲೆಯಲ್ಲಿ, ತ್ರಾನ್ಸಿತೊ ತೆನೆಯಿಂದ ತೆನೆಗೆ ಹೋಗುತ್ತ ಬಲೆಗಳನ್ನು ಎಳೆದು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ಅವಳು ಬಿಚ್ಚಿ ಮುಂದೆ ಸರಿದ ಗಿಡಗಳ ಮೇಲೆ ಆಗಲೇ ನಾಲ್ಕೈದು ವಿರಚುರೊ ಕೂತು ಸಿಪ್ಪೆ ಸೀಳುತ್ತಿದ್ದವು. ಎಲ್ವಿಯಾ ಕೈಚೀಲದ ಸಮೇತ ಹಿಂದೆ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

"ಏನ್ ಮಾಡ್ತಿದೀರ?"

ತ್ರಾನ್ಸಿತೊ ತಿರುಗಲಿಲ್ಲ. "ಕಣ್ಣಿಲ್ವಾ."

"ಹಕ್ಕಿ ತಿನ್ನುತ್ತೆ."

"ತಿನ್ನಲಿ. ಈ ವರ್ಷ ಅದಕ್ಕೆ ಪಾಲಿಟ್ಟಿರಲಿಲ್ಲ."

"ನಿಮ್ಮಮ್ಮನ ಬೀಜ ಅದು."

"ಇನ್ನೂ ಆರು ಸಾಲಿದೆ. ಬೀಜಕ್ಕೆ ಬೇಕಾದಷ್ಟಾಯ್ತು."

"ನಾನು ಏಳು ಸಾಲು ಅಂದಿದ್ದೆ. ಏಳೂ ನಿಮ್ಮ ಕೈಗಿಟ್ಟು ಹೋಗ್ತೀನಿ ಅಂದಿದ್ದೆ."

"ಹೂಂ. ನೀನೇ ಅಂದಿದ್ದು. ಈಗ ಆರೇ ಇರೋದು."

 ಹಕ್ಕಿಗಳು ಇಬ್ಬರನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ ತಿನ್ನುತ್ತಿದ್ದವು. "ಕಳ್ಳೀನ ಮನೇಲಿ ಇಟ್ಕೊಂಡು ಏನ್ ಮಾಡ್ತೀರ ಮಮಾ?" ಎಂದಳು ಎಲ್ವಿಯಾ.

"ಬಕೆಟ್ಟು ಬದಲಾಯಿಸಿದ್ದು ಆ ಮುದುಕ."

"ಯಾವಾಗ ಗೊತ್ತಾಯ್ತು?"

"ಹತ್ತು ಹನ್ನೆರಡು ದಿನ ಆಯ್ತು."

"ಹನ್ನೆರಡು ದಿನ ಗೊತ್ತಿದ್ದೂ ನಾನು ಮಾಡಿದ ಸಾರಿಗೆ ಉಪ್ಪು ಸಾಲದು ಅಂತ ಬೈದ್ರಿ."

"ಉಪ್ಪು ಸಾಲದೇ ಇತ್ತು."

"ತಪ್ಪಾಯ್ತು ಅನ್ನಿ."

ತ್ರಾನ್ಸಿತೊ ಇನ್ನೊಂದು ಬಲೆ ಎಳೆದಳು. ಅದು ಸಿಪ್ಪೆಗೆ ಸಿಕ್ಕಿಕೊಂಡು ಪರ್ರೆಂದಿತು. "ಹಕ್ಕಿ ಬಾಯಿ ಬಿದ್ದ ಜಾಗದಲ್ಲಿ ಮುಂದಿನ ವರ್ಷ ನಾನು ಬಿತ್ತಲ್ಲ. ಈ ಮೂಲೆ ಖಾಲಿ ಬೀಳುತ್ತೆ. ಖಾಲಿ ಜಾಗದಲ್ಲಿ ಯಾರು ಇಟ್ಟಿಗೆ ಪೇರಿಸ್ಕೊಂಡ್ರೂ, ಯಾರು ಒಲೆ ಹಾಕ್ಕೊಂಡ್ರೂ, ನಾನು ಕೇಳೋಕೆ ಹೋಗಲ್ಲ."

"ತಪ್ಪಾಯ್ತು ಅನ್ನಲ್ಲ ಅಲ್ವಾ?"

"ಅನ್ನಲ್ಲ."

ನಾನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ನಿಂತಿದ್ದೆ. ಎಲ್ವಿಯಾ ಒಳಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾಳೆ ಎಂದೇ ನನಗನ್ನಿಸಿತು. ಅವಳ ಜಾಗದಲ್ಲಿ ನಾನಿದ್ದರೆ ಹೊರಟೇಬಿಡುತ್ತಿದ್ದೆ. ಅವಳು ಕೈಚೀಲವನ್ನು ಬದುವಿನ ಮೇಲಿಟ್ಟು, ಅತ್ತೆಯ ಮಡಿಲಲ್ಲಿದ್ದ ಬಲೆಗಳನ್ನು ಬಾಚಿ ತೆಗೆದುಕೊಂಡಳು. ಹರಿದದ್ದನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಸಾಲಿನಲ್ಲಿ ಉಳಿದಿದ್ದ ತೆನೆಗಳಿಂದ ತಾನೇ ಒಂದೊಂದಾಗಿ ಬಲೆ ಬಿಡಿಸತೊಡಗಿದಳು.

"ಸರೀರಿ ಆ ಕಡೆ. ಹೀಗೆ ಎಳೆದ್ರೆ ಎಲ್ಲಾ ಹರಿಯುತ್ತೆ. ಮುಂದಿನ ವರ್ಷಕ್ಕೆ ಬೇಕು."

ತ್ರಾನ್ಸಿತೊ ಸರಿದು ನಿಂತು, ಖಾಲಿ ಮಡಿಲು ಕೊಡವಿಕೊಂಡಳು.

"ಒಲೆ ಬಾಯಿ ನನ್ನ ಕಡೆಗೆ ಇಡಬೇಡ," ಎಂದಳು. "ಹೊಗೆ ಬಂದ್ರೆ ಒಡೆದು ಹಾಕ್ತೀನಿ."

"ನಿಮ್ಮ ಕಡೆಗೇ ಇಡ್ತೀನಿ," ಎಂದಳು ಎಲ್ವಿಯಾ.